ಮೊದಲ ವೆಬ್ ಫ್ರೇಮ್‌ವರ್ಕ್: ಫ್ಲಾಸ್ಕ್, ಜಾಂಗೊ, ಎಕ್ಸ್‌ಪ್ರೆಸ್, ಲಾರಾವೆಲ್, ರೈಲ್ಸ್ – ನಿಮ್ಮ ಕಂಪ್ಯೂಟರಿಗೆ ಹೊಂದುವುದು ಯಾವುದು?

ವೆಬ್ ಫ್ರೇಮ್‌ವರ್ಕ್, ಅಂದರೆ ವೆಬ್‌ಸೈಟ್ ಕಟ್ಟಲು ಬೇಕಾದ ಸಿದ್ಧ ಕೋಡಿನ ಚೌಕಟ್ಟು, ಕಲಿಯಬೇಕು ಅಂತ ಕೂತವರಲ್ಲಿ ಎಷ್ಟೋ ಜನ ಮೊದಲ ಪುಟ ಬ್ರೌಸರ್‌ನಲ್ಲಿ ಕಾಣುವ ಮುಂಚೆಯೇ ಬಿಟ್ಟುಬಿಡುತ್ತಾರೆ. ಕೋಡ್ ಬರೆಯುವ ಹಂತಕ್ಕೇ ಅವರು ಬಂದಿರುವುದಿಲ್ಲ. ಕಮಾಂಡ್ ಟೈಪ್ ಮಾಡುವ ಕಿಟಕಿ, ಅಂದರೆ ಟರ್ಮಿನಲ್ ತುಂಬ ಕೆಂಪು ಅಕ್ಷರ ಬಂತು, ಏನು ಮಾಡಬೇಕು ಅಂತ ತಿಳಿಯಲಿಲ್ಲ, ಮುಚ್ಚಿಟ್ಟರು. ಇದು ಬೇಸರದ ಸಂಗತಿ. ಸ್ವಲ್ಪ ಯೋಚಿಸಿ ಆರಿಸಿಕೊಂಡರೆ ಈ ತೊಂದರೆಗಳಲ್ಲಿ ಬಹುಪಾಲು ಬರುವುದೇ ಇಲ್ಲ.

ಯಾವ ಫ್ರೇಮ್‌ವರ್ಕ್ ಒಳ್ಳೆಯದು ಅಂತ ಕೇಳಿದರೆ ಪ್ರತಿಯೊಬ್ಬರೂ ತಾವು ದಿನಾ ಬಳಸುವುದನ್ನೇ ಹೊಗಳುತ್ತಾರೆ. ವೇಗ, ಕೆಲಸದ ಅವಕಾಶ, ದೊಡ್ಡ ಕಂಪನಿಗಳ ಬಳಕೆ, ಇವೆಲ್ಲ ಆಮೇಲಿನ ಮಾತು. ಹೊಸಬರಿಗೆ ಎರಡು ಪ್ರಶ್ನೆ ಸಾಕು ಅಂತ ನನ್ನ ಅಭಿಪ್ರಾಯ. ಫ್ರೇಮ್‌ವರ್ಕಿನ ಕೆಳಗಿರುವ ಭಾಷೆ ನನ್ನ ಕಂಪ್ಯೂಟರಿನಲ್ಲಿ ಸಲೀಸಾಗಿ ಕೂರುತ್ತದೆಯಾ? ಏನಾದರೂ ಕೆಟ್ಟಾಗ ಬರುವ ಎರರ್ ಓದಿ ತಿಳಿಯುವಷ್ಟು ಆ ಭಾಷೆ ನನಗೆ ಬರುತ್ತದೆಯಾ? ಫ್ಲಾಸ್ಕ್, ಜಾಂಗೊ, ಎಕ್ಸ್‌ಪ್ರೆಸ್, ಲಾರಾವೆಲ್, ರೈಲ್ಸ್ ಐದನ್ನೂ ಇಲ್ಲಿ ಈ ಎರಡು ಪ್ರಶ್ನೆ ಇಟ್ಟುಕೊಂಡೇ ನೋಡಿದ್ದೇನೆ.

ಫ್ರೇಮ್‌ವರ್ಕ್ ಬರುವುದು ಕೊನೆಗೆ

ಫ್ರೇಮ್‌ವರ್ಕ್ ಹಾಕಿಕೊಳ್ಳುವ ಕಮಾಂಡ್ ಹೆಚ್ಚುಕಮ್ಮಿ ಎಲ್ಲದರಲ್ಲೂ ಒಂದೇ ಸಾಲು. ತೊಂದರೆ ಬರುವುದು ಅದಕ್ಕೆ ಮುಂಚೆ. ಮೊದಲು ಭಾಷೆ ಬೇಕು: ಫ್ಲಾಸ್ಕ್, ಜಾಂಗೊಗೆ ಪೈಥಾನ್, ಎಕ್ಸ್‌ಪ್ರೆಸ್‌ಗೆ ಜಾವಾಸ್ಕ್ರಿಪ್ಟ್ (ಅದನ್ನು ಬ್ರೌಸರ್ ಹೊರಗೆ ಓಡಿಸುವುದು ನೋಡ್), ಲಾರಾವೆಲ್‌ಗೆ ಪಿಎಚ್‌ಪಿ, ರೈಲ್ಸ್‌ಗೆ ರೂಬಿ. ಆಮೇಲೆ ಪ್ಯಾಕೇಜ್, ಅಂದರೆ ಬೇರೆಯವರು ಬರೆದಿಟ್ಟ ಸಿದ್ಧ ಕೋಡ್, ತಂದು ಹಾಕುವ ಸಾಧನ ಬೇಕು. ಪೈಥಾನ್‌ಗೆ ಪಿಪ್, ನೋಡ್‌ಗೆ ಎನ್‌ಪಿಎಂ, ಪಿಎಚ್‌ಪಿಗೆ ಕಂಪೋಸರ್, ರೂಬಿಗೆ ಜೆಮ್ ಮತ್ತು ಬಂಡ್ಲರ್. ಮೂರನೆಯದನ್ನು ಹೊಸಬರಿಗೆ ಯಾರೂ ಸರಿಯಾಗಿ ಹೇಳಿಕೊಡುವುದಿಲ್ಲ: ತಂದ ಪ್ಯಾಕೇಜ್ ಕಂಪ್ಯೂಟರಿನಲ್ಲಿ ಎಲ್ಲಿ ಹೋಗಿ ಕೂರುತ್ತದೆ?

ಐದರ ನಡುವಿನ ನಿಜವಾದ ವ್ಯತ್ಯಾಸ ಇಲ್ಲಿಂದಲೇ ಶುರು. ಎನ್‌ಪಿಎಂ ಪ್ರತಿ ಪ್ರಾಜೆಕ್ಟಿನ ಒಳಗೇ ನೋಡ್ ಮಾಡ್ಯೂಲ್ಸ್ ಅನ್ನುವ ಫೋಲ್ಡರ್ ಮಾಡಿ ಎಲ್ಲವನ್ನೂ ಅಲ್ಲಿ ಇಡುತ್ತದೆ. ಕಂಪೋಸರ್ ಕೂಡ ಹಾಗೇ, ಅಲ್ಲಿ ಫೋಲ್ಡರಿನ ಹೆಸರು ವೆಂಡರ್. ನೀವು ಏನೂ ಹೇಳದಿದ್ದರೂ ಒಂದು ಪ್ರಾಜೆಕ್ಟ್ ಇನ್ನೊಂದನ್ನು ಮುಟ್ಟುವುದಿಲ್ಲ. ರೂಬಿಯಲ್ಲಿ ಜೆಮ್‌ಗಳು (ಅಲ್ಲಿ ಪ್ಯಾಕೇಜಿಗೂ ಇದೇ ಹೆಸರು) ಸಾಮಾನ್ಯವಾಗಿ ಒಂದೇ ಕಡೆ ಇರುತ್ತವೆ. ಯಾವ ಪ್ರಾಜೆಕ್ಟಿಗೆ ಯಾವ ಆವೃತ್ತಿ ಅಂತ ಜೆಮ್‌ಫೈಲ್ ಲಾಕ್ ಎಂಬ ಫೈಲ್ ನೋಡಿ ಬಂಡ್ಲರ್ ಆರಿಸುತ್ತದೆ. ಪೈಥಾನ್ ಮಾತ್ರ ನೀವು ತಡೆಯದಿದ್ದರೆ ಎಲ್ಲ ಪ್ರಾಜೆಕ್ಟಿಗೂ ಒಂದೇ ಕಡೆ ಪ್ಯಾಕೇಜ್ ಸುರಿಯುತ್ತದೆ. ಒಂದು ಪ್ರಾಜೆಕ್ಟಿಗೆ ಹಳೆಯ ಜಾಂಗೊ ಬೇಕು, ಇನ್ನೊಂದಕ್ಕೆ ಹೊಸದು ಬೇಕು ಅಂದಾಗ ಜಗಳ ಶುರು. ಅದಕ್ಕೇ ಪೈಥಾನ್‌ನಲ್ಲಿ ವರ್ಚುವಲ್ ಎನ್ವಿರಾನ್‌ಮೆಂಟ್, ಅಂದರೆ ಪ್ರತಿ ಪ್ರಾಜೆಕ್ಟಿನ ಪ್ಯಾಕೇಜ್‌ಗಳಿಗೆ ಬೇರೆ ಜಾಗ ಮಾಡಿಕೊಡುವ ಏರ್ಪಾಡು ಇದೆ.

ಪೈಥಾನ್ ದಾರಿ: ಫ್ಲಾಸ್ಕ್ ಮತ್ತು ಜಾಂಗೊ

ಈ ಎರಡಕ್ಕೂ ತಳಪಾಯ ಒಂದೇ. ಅದಕ್ಕೇ ತಳಪಾಯವನ್ನೇ ಮೊದಲು ಗಟ್ಟಿ ಮಾಡಿಕೊಳ್ಳೋಣ.

ವಿಂಡೋಸ್‌ನಲ್ಲಿ ಪೈಥಾನ್ ಇನ್‌ಸ್ಟಾಲರ್‌ನ ಮೊದಲ ಪರದೆಯಲ್ಲೇ ಪೈಥಾನನ್ನು ಪಾತ್‌ಗೆ ಸೇರಿಸುವ ಒಂದು ಚೌಕ ಇರುತ್ತದೆ. ಅದಕ್ಕೆ ಟಿಕ್ ಹಾಕದೆ ಮುಂದೆ ಹೋದರೆ ಟರ್ಮಿನಲ್‌ಗೆ ಪೈಥಾನ್ ಎಲ್ಲಿದೆ ಅಂತ ಗೊತ್ತಾಗುವುದಿಲ್ಲ. ಹೊಸಬರ ಪೈಥಾನ್ ತೊಂದರೆಗಳಲ್ಲಿ ಅರ್ಧ ಈ ಒಂದು ಚೌಕದಿಂದಲೇ ಬರುತ್ತವೆ ಅಂದರೆ ಜಾಸ್ತಿ ಹೇಳಿದಂತಾಗದು.

ಪ್ರಾಜೆಕ್ಟಿಗೊಂದು ಫೋಲ್ಡರ್ ಮಾಡಿ, ಅದರೊಳಗೆ ಹೋಗಿ ವೆನ್ವ್ ಬಳಸಿ ವರ್ಚುವಲ್ ಎನ್ವಿರಾನ್‌ಮೆಂಟ್ ಮಾಡಿ. ಪೈಥಾನ್ 3.3ರಿಂದ ಇದು ಭಾಷೆಯ ಜೊತೆಗೇ ಬರುತ್ತದೆ, ಬೇರೆ ತರಬೇಕಿಲ್ಲ. ಉಬುಂಟು ಅಥವಾ ಡೆಬಿಯನ್ ಎಂಬ ಲಿನಕ್ಸ್‌ಗಳಲ್ಲಿ ಮಾತ್ರ ಪೈಥಾನ್3-ವೆನ್ವ್ ಎಂಬ ಪ್ಯಾಕೇಜನ್ನು ಅವುಗಳ ತಂತ್ರಾಂಶ ತರುವ ಸಾಧನ ಏಪ್ಟ್ ಮೂಲಕ ಬೇರೆಯಾಗಿ ಹಾಕಿಕೊಳ್ಳಬೇಕಾಗುತ್ತದೆ. ಮಾಡಿದ ಮೇಲೆ ಅದನ್ನು ಆಕ್ಟಿವೇಟ್ ಮಾಡಿ. ಟರ್ಮಿನಲ್ ಸಾಲಿನ ಮುಂದೆ ಎನ್ವಿರಾನ್‌ಮೆಂಟಿನ ಹೆಸರು ಕಂಡರೆ ಸರಿಯಾಗಿದೆ ಅಂತ ಅರ್ಥ. ಟರ್ಮಿನಲ್ ಮುಚ್ಚಿ ತೆರೆದಾಗಲೆಲ್ಲ ಮತ್ತೆ ಆಕ್ಟಿವೇಟ್ ಮಾಡಬೇಕು. ನಿನ್ನೆ ಓಡುತ್ತಿತ್ತು, ಇವತ್ತು ಜಾಂಗೊ ಸಿಗುತ್ತಿಲ್ಲ ಅನ್ನುತ್ತಿದೆ ಅಂದರೆ ಮೊದಲು ಇದನ್ನೇ ನೋಡಿ.

ವಿಂಡೋಸ್‌ನ ಪವರ್‌ಶೆಲ್ ಇಲ್ಲಿ ಒಮ್ಮೊಮ್ಮೆ ಅಡ್ಡ ಬರುತ್ತದೆ. ಸ್ಕ್ರಿಪ್ಟ್ ಓಡಿಸಲು ಅನುಮತಿ ಇಲ್ಲ ಅಂತ ಆಕ್ಟಿವೇಟ್ ಮಾಡಲು ಬಿಡುವುದಿಲ್ಲ. ಇದರಲ್ಲಿ ಪೈಥಾನಿನ ತಪ್ಪೇನೂ ಇಲ್ಲ, ಇದು ವಿಂಡೋಸ್‌ನ ಸುರಕ್ಷತೆಯ ನಿಯಮ. ನಿಮ್ಮ ಖಾತೆಗೆ ಮಾತ್ರ ಎಕ್ಸಿಕ್ಯೂಷನ್ ಪಾಲಿಸಿಯನ್ನು ರಿಮೋಟ್‌ಸೈನ್ಡ್ ಅಂತ ಬದಲಿಸಬಹುದು. ಬೇಡ ಅನ್ನಿಸಿದರೆ ಪವರ್‌ಶೆಲ್ ಬಿಟ್ಟು ಹಳೆಯ ಕಮಾಂಡ್ ಪ್ರಾಂಪ್ಟ್ ಬಳಸಿ. ಎನ್‌ಪಿಎಂ ಕೂಡ ಪವರ್‌ಶೆಲ್‌ನಲ್ಲಿ ಇದೇ ಮಾತು ಹೇಳಿ ನಿಲ್ಲಬಹುದು.

ಲಿನಕ್ಸ್‌ನಲ್ಲಿ ಇನ್ನೊಂದು ಎರರ್ ಇದೆ. ಡೆಬಿಯನ್ 12 ಮತ್ತು ಉಬುಂಟು 23.04ರಿಂದ ಈಚೆಗೆ, ವರ್ಚುವಲ್ ಎನ್ವಿರಾನ್‌ಮೆಂಟ್ ಇಲ್ಲದೆ ಪಿಪ್ ಬಳಸಲು ಹೋದರೆ ಈ ಪೈಥಾನನ್ನು ಸಿಸ್ಟಮ್ಮೇ ನೋಡಿಕೊಳ್ಳುತ್ತಿದೆ ಅಂತ ಹೇಳಿ ತಡೆಯುತ್ತದೆ. ಆ ಎರರ್‌ನ ಕೆಳಗೇ ತಡೆ ಮುರಿಯುವ ಒಂದು ದಾರಿಯನ್ನೂ ತೋರಿಸುತ್ತದೆ. ದಯವಿಟ್ಟು ಅದನ್ನು ಬಳಸಬೇಡಿ. ಸಿಸ್ಟಮ್ಮಿನ ಎಷ್ಟೋ ಕೆಲಸ ಅದೇ ಪೈಥಾನ್ ಮೇಲೆ ನಿಂತಿರುತ್ತದೆ. ವೆನ್ವ್ ಮಾಡಿಕೊಂಡರೆ ಈ ಎರರ್ ಬರುವುದೇ ಇಲ್ಲ.

ಇಷ್ಟಾದ ಮೇಲೆ ‘ಪಿಪ್ ಇನ್‌ಸ್ಟಾಲ್ ಫ್ಲಾಸ್ಕ್’ ಅಥವಾ ‘ಪಿಪ್ ಇನ್‌ಸ್ಟಾಲ್ ಜಾಂಗೊ’. ಎರಡರಲ್ಲೂ ಸಾಮಾನ್ಯವಾಗಿ ಒಂದು ನಿಮಿಷದ ಕೆಲಸ. ಇಲ್ಲಿಂದ ದಾರಿ ಬೇರೆಯಾಗುತ್ತದೆ.

ಫ್ಲಾಸ್ಕ್ 2010ರಲ್ಲಿ ಆರ್ಮಿನ್ ರೋನಾಕರ್ ಶುರು ಮಾಡಿದ್ದು. ಇದರ ಜೊತೆ ವರ್ಕ್‌ಜ್ಯೂಗ್, ಜಿಂಜಾ, ಕ್ಲಿಕ್ ಹೀಗೆ ಬೆರಳೆಣಿಕೆಯ ಪ್ಯಾಕೇಜ್ ಬರುತ್ತವೆ, ಅಷ್ಟೇ. ಐದಾರು ಸಾಲಿನ ಒಂದೇ ಫೈಲ್ ಬರೆದು ಓಡಿಸಿದರೆ 5000ನೇ ಪೋರ್ಟಿನಲ್ಲಿ (ಪೋರ್ಟ್ ಅಂದರೆ ಸರ್ವರ್ ಕಾಯುವ ಬಾಗಿಲಿನ ಸಂಖ್ಯೆ) ಪುಟ ಕಾಣುತ್ತದೆ. ಆ ಸಾಲುಗಳಲ್ಲಿ ನಿಮಗೆ ಗೊತ್ತಿಲ್ಲದ್ದು ಒಂದೂ ಅಡಗಿ ಕೂತಿರುವುದಿಲ್ಲ. ಈ ವಿಳಾಸ ಕೇಳಿದರೆ ಈ ಫಂಕ್ಷನ್ ಓಡುತ್ತದೆ, ಅದು ಕೊಟ್ಟದ್ದು ಬ್ರೌಸರಿಗೆ ಹೋಗುತ್ತದೆ. ವೆಬ್ ಹೇಗೆ ನಡೆಯುತ್ತದೆ ಅಂತ ತಿಳಿಯಲು ಇದಕ್ಕಿಂತ ನೇರವಾದ ದಾರಿ ಪೈಥಾನ್‌ನಲ್ಲಿ ನನಗೆ ಕಂಡಿಲ್ಲ. ಎರಡು ಎಚ್ಚರಿಕೆ: ನಿಮ್ಮ ಫೈಲಿಗೆ ಫ್ಲಾಸ್ಕ್ ಅಂತಲೇ ಹೆಸರಿಡಬೇಡಿ. ಇಟ್ಟರೆ ಪೈಥಾನ್ ನಿಜವಾದ ಫ್ಲಾಸ್ಕ್ ಬದಲು ನಿಮ್ಮ ಫೈಲನ್ನೇ ತೆರೆಯುತ್ತದೆ. ಇನ್ನು ಮ್ಯಾಕ್‌ನಲ್ಲಿ ಮಾಂಟೆರೇ ಆವೃತ್ತಿಯಿಂದ ಏರ್‌ಪ್ಲೇ ರಿಸೀವರ್ ಕೂಡ 5000ನೇ ಪೋರ್ಟನ್ನೇ ಬಳಸುತ್ತದೆ. ಪೋರ್ಟ್ ಖಾಲಿ ಇಲ್ಲ ಅಂತ ಬಂದರೆ 5001 ಅಂತ ಕೊಟ್ಟು ಓಡಿಸಿ.

ಜಾಂಗೊ ಹುಟ್ಟಿದ್ದು ಅಮೆರಿಕದ ಕಾನ್ಸಸ್‌ನ ಒಂದು ಪತ್ರಿಕೆಯ ವೆಬ್ ವಿಭಾಗದಲ್ಲಿ. ಎಲ್ಲರಿಗೂ ಸಿಕ್ಕಿದ್ದು 2005ರಲ್ಲಿ. ಪತ್ರಿಕೆ ಅಂದರೆ ಗೊತ್ತಲ್ವಾ, ಇವತ್ತು ಹೇಳಿದ ಪುಟ ಇವತ್ತೇ ಬೇಕು. ಆ ಅವಸರಕ್ಕೆ ಬೇಕಾದದ್ದೆಲ್ಲ ಇದರಲ್ಲಿ ಮೊದಲೇ ಇದೆ: ಲಾಗಿನ್, ಡೇಟಾಬೇಸ್, ಫಾರ್ಮ್, ಮಾಹಿತಿ ತುಂಬಲು ಸಿದ್ಧ ಅಡ್ಮಿನ್ ಪುಟಗಳು. ಡೇಟಾಬೇಸ್ ಬೇರೆ ಹಾಕಿಕೊಳ್ಳುವ ಕೆಲಸವೂ ಇಲ್ಲ, ಎಸ್‌ಕ್ಯೂಲೈಟ್ ಎಂಬ ಸಣ್ಣ ಡೇಟಾಬೇಸ್ ಮೊದಲಿಂದಲೇ ಜೋಡಣೆಯಾಗಿರುತ್ತದೆ. ಪ್ರಾಜೆಕ್ಟ್ ಮಾಡಿ ರನ್‌ಸರ್ವರ್ ಕೊಟ್ಟರೆ 8000ನೇ ಪೋರ್ಟಿನಲ್ಲಿ ರಾಕೆಟ್ ಚಿತ್ರದ ಪುಟ ಬರುತ್ತದೆ.

ಆಗಲೇ ಟರ್ಮಿನಲ್‌ನಲ್ಲಿ ಹದಿನೆಂಟು ಮೈಗ್ರೇಷನ್ ಬಾಕಿ ಇದೆ ಅಂತ ಕೆಂಪು ಸಾಲೊಂದು ಕಾಣುತ್ತದೆ. ಹೆದರಬೇಡಿ, ಅದು ಎರರ್ ಅಲ್ಲ. ಲಾಗಿನ್ ಮುಂತಾದವಕ್ಕೆ ಬೇಕಾದ ಟೇಬಲ್‌ಗಳು ಡೇಟಾಬೇಸಿನಲ್ಲಿ ಇನ್ನೂ ಆಗಿಲ್ಲ ಅಂತ ನೆನಪಿಸುತ್ತಿದೆ. ಮೈಗ್ರೇಟ್ ಕಮಾಂಡ್ ಕೊಟ್ಟರೆ ಮುಗಿಯಿತು. ಆಮೇಲೆ ಅಡ್ಮಿನ್ ಖಾತೆ ಮಾಡುವಾಗ ಪಾಸ್‌ವರ್ಡ್ ಒತ್ತಿದರೆ ಪರದೆಯಲ್ಲಿ ಒಂದು ಚುಕ್ಕಿಯೂ ಮೂಡುವುದಿಲ್ಲ. ಕೀಬೋರ್ಡ್ ಕೆಟ್ಟಿತು ಅಂದುಕೊಳ್ಳಬೇಡಿ, ಪೂರ್ತಿ ಟೈಪ್ ಮಾಡಿ ಎಂಟರ್ ಒತ್ತಿ. ಇಂಥ ಸಣ್ಣ ಸಂಗತಿಗಳನ್ನು ಮೊದಲೇ ಹೇಳಿದರೆ ಎಷ್ಟು ಜನ ಉಳಿದುಕೊಳ್ಳುತ್ತಿದ್ದರೋ ಅನ್ನಿಸುತ್ತದೆ.

ಎರಡರಲ್ಲಿ ಯಾವುದು? ಇನ್‌ಸ್ಟಾಲ್ ದೃಷ್ಟಿಯಿಂದ ತಕ್ಕಡಿ ಸಮ. ಫ್ಲಾಸ್ಕ್‌ನಲ್ಲಿ ಮೊದಲ ದಿನ ಹಗುರ, ಆದರೆ ಲಾಗಿನ್ ಬೇಕು, ಡೇಟಾಬೇಸ್ ಬೇಕು ಅಂದಾಗ ಒಂದೊಂದಕ್ಕೂ ಪ್ಯಾಕೇಜ್ ಹುಡುಕಿ ಜೋಡಿಸಬೇಕು. ಯಾವುದು ಒಳ್ಳೆಯದು ಅಂತ ತಿಳಿಯುವ ಅನುಭವ ಹೊಸಬರಿಗೆ ಇರುವುದಿಲ್ಲ. ಜಾಂಗೊದಲ್ಲಿ ಮೊದಲ ದಿನವೇ ಹತ್ತಾರು ಫೈಲ್ ಎದುರಿಗೆ ಬಂದು ನಿಲ್ಲುತ್ತವೆ, ಆದರೆ ಆಮೇಲೆ ಹುಡುಕಾಟ ಕಡಿಮೆ. ನಾನಾದರೆ ಒಂದು ವಾರ ಫ್ಲಾಸ್ಕ್ ಮಾಡಿ, ಆಮೇಲೆ ಜಾಂಗೊಗೆ ಹೋಗಿ ಅನ್ನುತ್ತೇನೆ. ತಳಪಾಯ ಒಂದೇ ಆದ್ದರಿಂದ ಮೊದಲ ವಾರದ ಶ್ರಮ ಹಾಳಾಗುವುದಿಲ್ಲ.

ಎಕ್ಸ್‌ಪ್ರೆಸ್: ಹಾಕಿಕೊಳ್ಳುವುದು ಸುಲಭ, ಸಂದೇಶಗಳು ಜಾಸ್ತಿ

ಜಾವಾಸ್ಕ್ರಿಪ್ಟ್ ಸ್ವಲ್ಪ ಬರುತ್ತದೆ ಅಂದರೆ ಎಕ್ಸ್‌ಪ್ರೆಸ್ ಸಹಜ ಆಯ್ಕೆ. ಇನ್‌ಸ್ಟಾಲ್ ವಿಷಯದಲ್ಲಿ ಐದರಲ್ಲಿ ಇದೇ ಸುಲಭ. ನೋಡ್ ಹಾಕಿಕೊಂಡರೆ ಎನ್‌ಪಿಎಂ ಜೊತೆಗೇ ಬರುತ್ತದೆ. ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ಹೆಚ್ಚುಕಮ್ಮಿ ಒಂದೇ ರೀತಿ. ಎಲ್‌ಟಿಎಸ್ ಅಂತ ಗುರುತಿರುವ ನೋಡ್ ಆವೃತ್ತಿಯನ್ನೇ ತೆಗೆದುಕೊಳ್ಳಿ, ಅದಕ್ಕೆ ಹೆಚ್ಚು ಕಾಲ ದುರಸ್ತಿ ಸಿಗುತ್ತದೆ. ಎಕ್ಸ್‌ಪ್ರೆಸ್ 5 ಬಂದದ್ದು 2024ರಲ್ಲಿ, ಅದಕ್ಕೆ ನೋಡ್ 18 ಅಥವಾ ಅದಕ್ಕಿಂತ ಹೊಸದು ಬೇಕು. ಎಷ್ಟೋ ಪಾಠಗಳು ಇನ್ನೂ 4ನೇ ಆವೃತ್ತಿಯದೇ. ಪುಟದ ವಿಳಾಸದ ದಾರಿ (ರೂಟ್) ಬರೆಯುವ ಕ್ರಮದಲ್ಲಿ, ಅದರಲ್ಲೂ ನಕ್ಷತ್ರ ಚಿಹ್ನೆ ಬಳಸುವಲ್ಲಿ, ಎರಡಕ್ಕೂ ವ್ಯತ್ಯಾಸ ಇದೆ. ಪಾಠದಲ್ಲಿದ್ದಂತೆ ಬರೆದರೂ ಓಡದಿದ್ದರೆ ಆವೃತ್ತಿ ನೋಡಿ.

ಹೊಸಬರನ್ನು ಇಲ್ಲಿ ಗಾಬರಿಪಡಿಸುವುದು ಎನ್‌ಪಿಎಂನ ಮಾತುಗಾರಿಕೆ. ಒಂದು ಎಕ್ಸ್‌ಪ್ರೆಸ್ ಕೇಳಿದರೆ ಹತ್ತಾರು ಪ್ಯಾಕೇಜ್ ಬರುತ್ತವೆ. ಜೊತೆಗೆ ಡೆಪ್ರಿಕೇಟೆಡ್ (ಹಳೆಯದು, ಇನ್ನು ಬಳಸಬೇಡಿ) ಅನ್ನುವ ಎಚ್ಚರಿಕೆಗಳು ಬರಬಹುದು, ಇಷ್ಟು ದುರ್ಬಲತೆ ಇದೆ ಅನ್ನುವ ಲೆಕ್ಕವೂ ಬರಬಹುದು. ವಾರ್ನ್ ಅಂತ ಇದ್ದರೆ ಅದು ಎಚ್ಚರಿಕೆ, ಕೆಲಸ ನಡೆದಿದೆ. ಎರರ್ ಅಂತ ಇದ್ದರೆ ಮಾತ್ರ ಕೆಲಸ ನಿಂತಿದೆ. ಆಡಿಟ್ ಫಿಕ್ಸ್ ಫೋರ್ಸ್ ಎಂಬ ಕಮಾಂಡ್ ಕೊಟ್ಟು ಎಲ್ಲ ಸರಿಮಾಡಿಕೊಳ್ಳೋಣ ಅಂತ ಆಸೆಯಾಗುತ್ತದೆ. ಅದು ಪ್ಯಾಕೇಜ್‌ಗಳ ಆವೃತ್ತಿಯನ್ನೇ ಬದಲಿಸಿ ಓಡುತ್ತಿದ್ದ ಕೋಡನ್ನು ಕೆಡಿಸಬಹುದು. ಕಲಿಯುವಾಗ ಅದನ್ನು ಮುಟ್ಟಬೇಡಿ.

ರಿಕ್ವೈರ್ ಮತ್ತು ಇಂಪೋರ್ಟ್ ಗೊಂದಲ ಇನ್ನೊಂದು. ಬೇರೆ ಫೈಲ್ ತರಿಸಿಕೊಳ್ಳಲು ನೋಡ್‌ನಲ್ಲಿ ಹಳೆಯ ಕ್ರಮ ರಿಕ್ವೈರ್, ಹೊಸ ಕ್ರಮ ಇಂಪೋರ್ಟ್. ಒಂದು ಪಾಠದಿಂದ ಅರ್ಧ, ಇನ್ನೊಂದರಿಂದ ಅರ್ಧ ಎತ್ತಿಕೊಂಡರೆ ಎರರ್ ಬರುತ್ತದೆ; ಹಳೆಯ ನೋಡ್ ಆದರೆ ಮಾಡ್ಯೂಲ್ ಹೊರಗೆ ಇಂಪೋರ್ಟ್ ಬಳಸುವಂತಿಲ್ಲ ಅನ್ನುತ್ತದೆ. ಪ್ಯಾಕೇಜ್ ಜೇಸನ್ ಫೈಲಿನಲ್ಲಿ ಟೈಪ್ ಎನ್ನುವ ಕಡೆ ಮಾಡ್ಯೂಲ್ ಅಂತ ಬರೆದರೆ ಇಡೀ ಪ್ರಾಜೆಕ್ಟ್ ಹೊಸ ಕ್ರಮಕ್ಕೆ ಬರುತ್ತದೆ.

ಮ್ಯಾಕ್ ಮತ್ತು ಲಿನಕ್ಸ್‌ನಲ್ಲಿ ಅನುಮತಿ ಇಲ್ಲ ಅಂತ ಬಂದಾಗ ಸುಡೋ (ಅಡ್ಮಿನ್ ಅಧಿಕಾರ ಕೊಡುವ ಕಮಾಂಡ್) ಹಾಕಿ ಎನ್‌ಪಿಎಂ ಓಡಿಸುವ ಅಭ್ಯಾಸ ಬೇಡ. ನೋಡ್ ಆವೃತ್ತಿಗಳನ್ನು ನೋಡಿಕೊಳ್ಳುವ ಎನ್‌ವಿಎಂ ಮೂಲಕ ನೋಡ್ ಹಾಕಿಕೊಂಡರೆ ಎಲ್ಲವೂ ನಿಮ್ಮ ಹೋಮ್ ಫೋಲ್ಡರಿನೊಳಗೇ ಇರುತ್ತದೆ, ಸುಡೋ ಬೇಕಾಗುವುದೇ ಇಲ್ಲ.

ಫ್ಲಾಸ್ಕ್ ತರಹ ಎಕ್ಸ್‌ಪ್ರೆಸ್ ಕೂಡ ಖಾಲಿ ಹಾಳೆ. ಲಾಗಿನ್, ಡೇಟಾಬೇಸ್ ಎಲ್ಲ ನೀವೇ ಆರಿಸಬೇಕು. ಜಾವಾಸ್ಕ್ರಿಪ್ಟ್ ಲೋಕದಲ್ಲಿ ಆಯ್ಕೆಗಳು ವಿಪರೀತ ಇರುವುದರಿಂದ ಈ ಆರಿಸುವ ಕಷ್ಟ ಫ್ಲಾಸ್ಕ್‌ಗಿಂತ ಇಲ್ಲಿ ಜಾಸ್ತಿ ಅಂತ ನನಗೆ ಅನ್ನಿಸುತ್ತದೆ.

ರಿಯಾಕ್ಟ್, ವ್ಯೂ ಯಾಕೆ ಈ ಪಟ್ಟಿಯಲ್ಲಿಲ್ಲ ಅಂತ ಕೇಳಬಹುದು. ಅವು ಮುಖ್ಯವಾಗಿ ಬ್ರೌಸರ್ ಒಳಗೆ ಕೆಲಸ ಮಾಡುವಂಥವು. ಸರ್ವರ್ ಕಡೆಯ ಫ್ರೇಮ್‌ವರ್ಕ್ ಜೊತೆ ಅವನ್ನು ತೂಗುವುದು ಸರಿಯಲ್ಲ. ಒಂದು ಮಾತು ಮಾತ್ರ ಹೇಳಿಬಿಡುತ್ತೇನೆ: ರಿಯಾಕ್ಟ್ ಪ್ರಾಜೆಕ್ಟ್ ಶುರು ಮಾಡಲು ಕ್ರಿಯೇಟ್ ರಿಯಾಕ್ಟ್ ಆಪ್ ಎಂಬ ಸಾಧನ ಬಳಸಲು ಹೇಳುವ ಪಾಠ ಕಂಡರೆ ಅದು ಹಳೆಯದು. ಹೊಸ ಪ್ರಾಜೆಕ್ಟಿಗೆ ಅದು ಬೇಡ ಅಂತ ರಿಯಾಕ್ಟ್ ತಂಡವೇ 2025ರಲ್ಲಿ ಹೇಳಿದೆ. ಕಲಿಯುವವರಿಗೆ ಅದೇ ಕೆಲಸಕ್ಕೆ ವೀಟ್ ಎಂಬ ಸಾಧನ ಸಾಕು.

ಲಾರಾವೆಲ್: ತಳಪಾಯ ಹಾಕಿದರೆ ಅರ್ಧ ಮನೆ ಕಟ್ಟಿದಂತೆ

ಟೇಲರ್ ಒಟ್ವೆಲ್ 2011ರಲ್ಲಿ ಹೊರತಂದ ಲಾರಾವೆಲ್‌ಗೆ ಪಿಎಚ್‌ಪಿ ಮತ್ತು ಕಂಪೋಸರ್ ಎರಡೂ ಬೇಕು. ಇದರ ಕಷ್ಟವೆಲ್ಲ ಪಿಎಚ್‌ಪಿ ಕಡೆಯದು. ಲಾರಾವೆಲ್‌ಗೆ ಬೇಕಾದ ಎಂಬಿಸ್ಟ್ರಿಂಗ್, ಓಪನ್‌ಎಸ್‌ಎಸ್‌ಎಲ್, ಫೈಲ್‌ಇನ್ಫೋ ಮುಂತಾದ ಎಕ್ಸ್‌ಟೆನ್ಷನ್‌ಗಳಲ್ಲಿ ಕೆಲವು ವಿಂಡೋಸ್‌ನ ಪಿಎಚ್‌ಪಿಯಲ್ಲಿ ಇದ್ದೂ ಮುಚ್ಚಿರುತ್ತವೆ. ಪಿಎಚ್‌ಪಿ ಐಎನ್‌ಐ ಫೈಲ್ ತೆರೆದು ಆ ಸಾಲಿನ ಮುಂದಿನ ಸೆಮಿಕೋಲನ್ ತೆಗೆದರೆ ಅವು ಚಾಲೂ ಆಗುತ್ತವೆ. ಕಂಪೋಸರ್ ಕೊಡುವ ಉದ್ದ ಎರರ್‌ನಲ್ಲಿ ಎಕ್ಸ್‌ಟಿ ಅಂತ ಶುರುವಾಗುವ ಹೆಸರು ಹುಡುಕಿ, ಯಾವುದು ಬೇಕು ಅಂತ ಅಲ್ಲೇ ಬರೆದಿರುತ್ತದೆ.

ಪಿಎಚ್‌ಪಿ, ಸರ್ವರ್, ಡೇಟಾಬೇಸ್ ಒಟ್ಟಿಗೆ ಕೊಡುವ ಎಕ್ಸ್‌ಎಎಂಪಿಪಿ ಆಗಲೇ ಇದೆ, ಅದರಲ್ಲೇ ಮಾಡಬಹುದಾ ಅಂತ ತುಂಬ ಜನ ಕೇಳುತ್ತಾರೆ. ಮಾಡಬಹುದು, ಅದರೊಳಗಿನ ಪಿಎಚ್‌ಪಿ ಹೊಸದಿದ್ದರೆ. ಲಾರಾವೆಲ್ 11 ಮತ್ತು 12ಕ್ಕೆ ಪಿಎಚ್‌ಪಿ 8.2 ಆದರೂ ಬೇಕು. ಅದರೊಳಗಿನ ಅಪಾಚೆ ಸರ್ವರ್ ಚಾಲೂ ಮಾಡುವುದೇನೂ ಬೇಡ, ಲಾರಾವೆಲ್‌ನದೇ ಆದ ಆರ್ಟಿಸಾನ್ ಸರ್ವ್ ಕಮಾಂಡ್ ತಾನೇ ಸಣ್ಣ ಸರ್ವರ್ ಓಡಿಸುತ್ತದೆ. ಹೊಸದಾಗಿ ಶುರು ಮಾಡುವವರಿಗೆ ಹರ್ಡ್ ಎಂಬ ತಂತ್ರಾಂಶ ನನ್ನ ಸಲಹೆ. ಮ್ಯಾಕ್ ಮತ್ತು ವಿಂಡೋಸ್ ಎರಡಕ್ಕೂ ಇದೆ. ಪಿಎಚ್‌ಪಿ, ಕಂಪೋಸರ್ ಎಲ್ಲ ಒಟ್ಟಿಗೆ ಕೂರಿಸಿಕೊಡುತ್ತದೆ. ಲಾರಾವೆಲ್ 11ರಿಂದ ಎಸ್‌ಕ್ಯೂಲೈಟ್ ಮೊದಲಿಂದಲೇ ಜೋಡಣೆಯಾಗಿರುವುದರಿಂದ ಮೈಎಸ್‌ಕ್ಯೂಎಲ್ ಪಾಸ್‌ವರ್ಡಿನ ಹಳೆಯ ಗೋಳೂ ತಪ್ಪಿದೆ.

ಬೇರೆಯವರ ಲಾರಾವೆಲ್ ಪ್ರಾಜೆಕ್ಟ್ ಇಳಿಸಿಕೊಂಡು ಓಡಿಸುವಾಗ ಎನ್‌ಕ್ರಿಪ್ಷನ್ ಕೀ ಇಲ್ಲ ಅಂತ ಬರುತ್ತದೆ. ಗುಟ್ಟಿನ ಮಾಹಿತಿ ಇರುವ ಎನ್ವ್ ಫೈಲನ್ನು ಯಾರೂ ಕೋಡ್ ಜೊತೆ ಹಂಚುವುದಿಲ್ಲ, ಅದಕ್ಕೇ ಹೀಗೆ. ಮಾದರಿ ಎನ್ವ್ ಫೈಲನ್ನು ನಕಲು ಮಾಡಿ, ಆರ್ಟಿಸಾನ್‌ನ ಕೀ ಜನರೇಟ್ ಕಮಾಂಡ್ ಕೊಟ್ಟರೆ ಸರಿಹೋಗುತ್ತದೆ.

ಪಿಎಚ್‌ಪಿ ಸ್ವಲ್ಪವೂ ಗೊತ್ತಿಲ್ಲದವರಿಗೆ ಇದನ್ನು ಮೊದಲ ಆಯ್ಕೆ ಅಂತ ಹೇಳುವುದಿಲ್ಲ. ಗೊತ್ತಿದ್ದವರು ಬೇರೆ ಕಡೆ ನೋಡುವ ಅಗತ್ಯವೇ ಇಲ್ಲ.

ರೈಲ್ಸ್: ವಿಂಡೋಸ್ ಇದ್ದರೆ ಯೋಚಿಸಿ

ರೈಲ್ಸ್ 2004ರಲ್ಲಿ ಬೇಸ್‌ಕ್ಯಾಂಪ್ ಎಂಬ ತಂತ್ರಾಂಶದಿಂದ ಬೇರ್ಪಡಿಸಿ ಹೊರತಂದ ಫ್ರೇಮ್‌ವರ್ಕ್. ಒಮ್ಮೆ ಕೂತಿತು ಅಂದರೆ ಸ್ಕ್ಯಾಫೋಲ್ಡ್ ಎಂಬ ಒಂದು ಕಮಾಂಡಿಗೆ ಮಾಹಿತಿ ಸೇರಿಸುವ, ತಿದ್ದುವ, ಅಳಿಸುವ ಪುಟಗಳೆಲ್ಲ ಸಿದ್ಧ. ನೋಡಿದರೆ ಖುಷಿಯಾಗುತ್ತದೆ. ಆದರೆ ಐದರಲ್ಲಿ ಕೂರಿಸಲು ಕಷ್ಟವಾದದ್ದು ಇದೇ. ರೂಬಿಯ ಕೆಲವು ಜೆಮ್‌ಗಳು ನಿಮ್ಮ ಕಂಪ್ಯೂಟರಿನಲ್ಲೇ ಸಿ ಭಾಷೆಯಿಂದ ಕಂಪೈಲ್ ಆಗಬೇಕಾಗಬಹುದು. ಅದಕ್ಕೆ ಬೇಕಾದ ಕಂಪೈಲರ್, ಲೈಬ್ರರಿ ಇಲ್ಲದಿದ್ದರೆ ನೇಟಿವ್ ಎಕ್ಸ್‌ಟೆನ್ಷನ್ ಕಟ್ಟಲಾಗಲಿಲ್ಲ ಅಂತ ಪುಟಗಟ್ಟಲೆ ಎರರ್ ಬರುತ್ತದೆ. ಹೊಸಬರು ಅದನ್ನು ಓದಿ ತಿಳಿಯುವುದು ಕಷ್ಟ.

ಮ್ಯಾಕ್‌ನಲ್ಲಿ ರೂಬಿ ಮೊದಲೇ ಇರುತ್ತದೆ, ಆದರೆ ಅದು 2.6, ತುಂಬ ಹಳೆಯದು. ರೈಲ್ಸ್ 8ಕ್ಕೆ ರೂಬಿ 3.2 ಆದರೂ ಬೇಕು. ಸಿಸ್ಟಮ್ಮಿನ ರೂಬಿಯನ್ನು ಹಾಗೇ ಬಿಟ್ಟು ಆವೃತ್ತಿಗಳನ್ನು ನೋಡಿಕೊಳ್ಳುವ ಮೀಸ್ ಅಥವಾ ಆರ್‌ಬಿಎನ್ವ್ ಮೂಲಕ ಹೊಸದನ್ನು ತನ್ನಿ. ವಿಂಡೋಸ್‌ನಲ್ಲಿ ಡಬ್ಲ್ಯುಎಸ್‌ಎಲ್ (ವಿಂಡೋಸ್ ಒಳಗೇ ಲಿನಕ್ಸ್ ಓಡಿಸುವ ಸೌಲಭ್ಯ) ಹಾಕಿ ಅದರೊಳಗಿನ ಉಬುಂಟುವಿನಲ್ಲಿ ಮಾಡುವುದೇ ಒಳ್ಳೆಯದು. ಆಗ ಪ್ರಾಜೆಕ್ಟನ್ನು ಲಿನಕ್ಸ್ ಕಡೆಯ ಹೋಮ್ ಫೋಲ್ಡರಿನಲ್ಲೇ ಇಡಿ. ವಿಂಡೋಸ್‌ನ ಸಿ ಡ್ರೈವಿನಲ್ಲಿಟ್ಟು ಲಿನಕ್ಸ್ ಕಡೆಯಿಂದ ತೆರೆದರೆ ಎಲ್ಲವೂ ನಿಧಾನವಾಗುತ್ತದೆ. ರೈಲ್ಸ್ 7ರಿಂದ ನೋಡ್ ಕಡ್ಡಾಯವಿಲ್ಲ, ಹಳೆಯ ಪಾಠದಲ್ಲಿ ಯಾರ್ನ್, ವೆಬ್‌ಪ್ಯಾಕರ್ ಅಂತ ಕಂಡರೆ ಬಿಟ್ಟುಬಿಡಿ.

ಹಾಗಾದರೆ ಯಾವುದು

ವಿಂಡೋಸ್ ಇದೆ, ಯಾವ ಭಾಷೆಯೂ ಸರಿಯಾಗಿ ಬರುವುದಿಲ್ಲ ಅಂದರೆ ಪೈಥಾನ್ ಮತ್ತು ಫ್ಲಾಸ್ಕ್. ಪೈಥಾನಿನ ಎರರ್‌ನಲ್ಲಿ ಕೊನೆಯ ಸಾಲು ಓದಿದರೆ ಸಾಮಾನ್ಯವಾಗಿ ವಿಷಯ ತಿಳಿಯುತ್ತದೆ, ಇದು ದೊಡ್ಡ ಅನುಕೂಲ. ಎಚ್‌ಟಿಎಂಎಲ್ ಜೊತೆ ಜಾವಾಸ್ಕ್ರಿಪ್ಟ್ ಮಾಡಿದ್ದೀರಿ ಅಂದರೆ ಎಕ್ಸ್‌ಪ್ರೆಸ್. ಲಾಗಿನ್ ಇರುವ, ಮಾಹಿತಿ ತುಂಬುವ ನಿಜವಾದ ಸೈಟ್ ಬೇಗ ಬೇಕು ಅಂದರೆ ಜಾಂಗೊ, ಪಿಎಚ್‌ಪಿ ಬರುವವರಾದರೆ ಲಾರಾವೆಲ್. ಮ್ಯಾಕ್ ಅಥವಾ ಲಿನಕ್ಸ್ ಇದ್ದು, ಟರ್ಮಿನಲ್‌ಗೆ ಹೆದರದವರು, ಒಂದು ಸಂಜೆ ಬರೀ ಇನ್‌ಸ್ಟಾಲ್‌ಗೆ ಕೊಡಲು ಸಿದ್ಧರಿರುವವರು ರೈಲ್ಸ್ ನೋಡಬಹುದು. ಭಾಷೆ, ಪ್ಯಾಕೇಜ್ ಎಲ್ಲ ಒಂದೇ ಡಬ್ಬಿಯಲ್ಲಿ ಓಡಿಸುವ ಡಾಕರ್ ಬಳಸಿದರೆ ಇದೆಲ್ಲ ತಪ್ಪುತ್ತದೆ ಅನ್ನುವವರಿದ್ದಾರೆ. ಆದರೆ ಆಗ ಡಾಕರ್ ಅನ್ನೇ ಮೊದಲು ಕಲಿಯಬೇಕಾಗುತ್ತದೆ, ಅಲ್ವಾ? ಅದು ಆಮೇಲಿರಲಿ.

ಇನ್ನೂ ಮನಸ್ಸು ಗಟ್ಟಿಯಾಗದಿದ್ದರೆ ಹಾಕಿಕೊಳ್ಳದೆಯೇ ರುಚಿ ನೋಡಬಹುದು. ಸ್ಟಾಕ್‌ಬ್ಲಿಟ್ಸ್‌ನಲ್ಲಿ ನೋಡ್ ಪ್ರಾಜೆಕ್ಟ್ ಬ್ರೌಸರ್ ಒಳಗೇ ಓಡುತ್ತದೆ. ಗಿಟ್‌ಹಬ್ ಕೋಡ್‌ಸ್ಪೇಸಸ್‌ನಲ್ಲಿ ಲಿನಕ್ಸ್ ಯಂತ್ರವೇ ಬ್ರೌಸರಿನಲ್ಲಿ ಸಿಗುತ್ತದೆ, ಉಚಿತ ಬಳಕೆಗೆ ತಿಂಗಳ ಮಿತಿ ಇದೆ. ಕಂಪ್ಯೂಟರ್ ಹಳೆಯದಿದ್ದವರಿಗೂ ಇವು ಅನುಕೂಲ.

ಯಾವುದನ್ನೇ ಆರಿಸಿದರೂ ಫೋಲ್ಡರಿನ ವಿಷಯದಲ್ಲಿ ಎಚ್ಚರವಿರಲಿ. ಹೆಸರಿನಲ್ಲಿ ಖಾಲಿ ಜಾಗ ಬೇಡ. ಒನ್‌ಡ್ರೈವ್ ತರಹ ತಾನಾಗಿ ಸಿಂಕ್ ಆಗುವ ಜಾಗದಲ್ಲಿ ಪ್ರಾಜೆಕ್ಟ್ ಬೇಡ. ಸಾವಿರಾರು ಸಣ್ಣ ಫೈಲ್‌ಗಳನ್ನು ಅದು ಸಿಂಕ್ ಮಾಡುತ್ತ ಕೂರುತ್ತದೆ, ನಡುವೆ ಫೈಲ್ ಬಳಕೆಯಲ್ಲಿದೆ ಅಂತ ಇನ್‌ಸ್ಟಾಲ್ ನಿಲ್ಲಬಹುದು. ಭಾಷೆಯ ಹೊಸ ಆವೃತ್ತಿ ನಿನ್ನೆಯಷ್ಟೇ ಬಂದಿದ್ದರೆ ಒಂದು ಹಿಂದಿನದನ್ನೇ ಹಾಕಿ. ಚಿತ್ರ, ಡೇಟಾಬೇಸ್ ಮುಂತಾದ ಕೆಲಸದ ಪ್ಯಾಕೇಜ್‌ಗಳು ಹೊಸದಕ್ಕೆ ಸಿದ್ಧವಾಗಲು ಸ್ವಲ್ಪ ದಿನ ಹಿಡಿಯುತ್ತದೆ. ಪಾಠ ಆರಿಸುವಾಗ ಅದು ಯಾವ ಆವೃತ್ತಿಯದು ಅಂತ ನೋಡಿ, ಫ್ರೇಮ್‌ವರ್ಕನ್ನೂ ಅದೇ ಆವೃತ್ತಿ ಹೇಳಿ ಹಾಕಿಕೊಳ್ಳಿ. ಪಿಪ್‌ನಲ್ಲಿ ಹೆಸರು ಬರೆದ ಮೇಲೆ ಎರಡು ಸಮ ಚಿಹ್ನೆ ಹಾಕಿ ಸಂಖ್ಯೆ ಬರೆಯಬೇಕು, ಎನ್‌ಪಿಎಂನಲ್ಲಿ ಆ್ಯಟ್ ಚಿಹ್ನೆ ಹಾಕಿ ಬರೆಯಬೇಕು.

ಮಧ್ಯೆ ಎಲ್ಲ ಕಲಸಿಹೋಯಿತು ಅನ್ನಿಸಿದರೆ ಭಾಷೆಯನ್ನು ಅನ್‌ಇನ್‌ಸ್ಟಾಲ್ ಮಾಡಲು ಹೋಗಬೇಡಿ. ವೆನ್ವ್, ನೋಡ್ ಮಾಡ್ಯೂಲ್ಸ್, ವೆಂಡರ್, ಇವುಗಳಲ್ಲಿ ನಿಮ್ಮದು ಯಾವುದೋ ಆ ಫೋಲ್ಡರನ್ನು ಅಳಿಸಿ ಮತ್ತೆ ತರಿಸಿಕೊಳ್ಳಿ. ನೀವು ಬರೆದ ಕೋಡ್ ಆ ಫೋಲ್ಡರಿನಲ್ಲಿ ಇರುವುದಿಲ್ಲ, ಅದಕ್ಕೇನೂ ಆಗುವುದಿಲ್ಲ.